ಕಿರುತೆರೆಯ ಕತ್ತನಾರರೂ ನಮ್ಮ ಅಡಗೂಲಜ್ಜಿಯೂ

2025ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ‘ಲೋಕಃ’ ಎಂಬ ಮಲಯಾಳ ಚಲನಚಿತ್ರವು ತೆರೆಕಂಡು, ಕಳ್ಳಿಯಂಕಾಟ್ಟು ನೀಲಿ ಎಂಬ ಹಳೆಯ ಯಕ್ಷಿಯ ಹೆಸರು ಮರಳಿ ಜನರ ನಾಲಗೆಯ ಮೇಲೆ ಓಡಾಡತೊಡಗಿದಂದಿನಿಂದ, ನಮ್ಮ ಬಾಂಧವರಲ್ಲಿ ಮೂವತ್ತು ದಾಟಿದವರೆಲ್ಲರೂ ಒಂದೇ ಮಾತನ್ನು ಆಡುತ್ತಿದ್ದಾರೆ: “ಇವಳೇನು ಹೊಸಬಳೇ? ಇವಳನ್ನು ನಾವು ಏಷ್ಯಾನೆಟ್ಟಿನಲ್ಲಿ ನೋಡಿ ಹೆದರಿದವರು.” ಅವರು ಹೇಳುತ್ತಿರುವುದು 2004ರಲ್ಲಿ ಆರಂಭವಾದ ‘ಕಡಮಟ್ಟತ್ತು ಕತ್ತನಾರ್’ ಎಂಬ ಧಾರಾವಾಹಿಯನ್ನು ಕುರಿತು. ಅದು ಹೊಸತಾಗಿದ್ದ ಮೊದಲ ವಾರಗಳಲ್ಲಿ ನಮ್ಮ ಮನಸ್ಸಿನಲ್ಲಿ ಮೂಡಿದ ಅಭಿಪ್ರಾಯಗಳನ್ನು ಇಲ್ಲಿ ಬರೆದಿಡಬೇಕೆಂದು ತೋರುತ್ತದೆ. ದೂರದರ್ಶನದ ಕಥೆಗೂ ಹೋಟೆಲಿನ ಕೆಲಸಗಾರನಿಗೂ ಏನು ಸಂಬಂಧವೆಂದು ಕೇಳುವ ದೊಡ್ಡ ಮನುಷ್ಯರು ನಮ್ಮಲ್ಲಿ ಇದ್ದಾರೆ. ಸಂಬಂಧವಿದೆ. ಸ್ವಲ್ಪ ತಾಳ್ಮೆಯಿಂದ ಓದಬೇಕು.

ಆ ಕಾಲಕ್ಕೆ ನಾವು ಎರ್ನಾಕುಳದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತಿದ್ದೆವು. ಟೀವಿಯನ್ನು ಗೋಡೆಯ ಮೂಲೆಯಲ್ಲಿ, ಕಬ್ಬಿಣದ ಚೌಕಟ್ಟಿನ ಮೇಲೆ, ಗಿರಾಕಿಗಳಿಗೆ ಮುಖಮಾಡಿ ಇಟ್ಟಿದ್ದರು. ಕೆಲಸದವರಿಗೆ ಅದು ಓರೆಯಾಗಿ ಮಾತ್ರ ಕಾಣಿಸುತ್ತಿತ್ತು. ಆದರೂ ಕತ್ತನಾರರ ರಾಗ ಕೇಳಿಬಂದೊಡನೆ ಅಡುಗೆಮನೆಯ ಬಾಗಿಲಲ್ಲಿ ಕೈಯೊದ್ದೆಯ ಕ್ಲೀನರುಗಳೂ, ಸೌಟು ಹಿಡಿದ ಭಟ್ಟರೂ, ಎರಡು ಚಹವನ್ನು ಕೈಯಲ್ಲೇ ಆರಿಸುತ್ತ ನಿಂತ ಸಪ್ಲೈಯರೂ ಗುಂಪುಗೂಡುತ್ತಿದ್ದರು. ಕಾವಲಿಯ ಮೇಲಿನ ದೋಸೆ ಕರಕಾದ ದಿನಗಳೂ ಉಂಟು. ಸಮೀಪದ ಮತ್ತೊಂದು ಹೋಟೆಲಿನ ಧಣಿಗಳು ಕೆಲಸ ಕೆಡುತ್ತದೆಂಬ ಕಾರಣದಿಂದ ಆ ಹೊತ್ತಿಗೆ ಸರಿಯಾಗಿ ಟೀವಿಯನ್ನು ಆರಿಸಿಬಿಡುತ್ತಿದ್ದರು. ಪರಿಣಾಮವಾಗಿ ಅವರ ಗಿರಾಕಿಗಳು ಅರ್ಧ ಊಟದಲ್ಲಿ ನಮ್ಮ ಕಡೆಗೆ ನೋಡತೊಡಗಿದರೇ ಹೊರತು ಅವರ ಕೆಲಸವೇನೂ ಹೆಚ್ಚಲಿಲ್ಲ.

ಕಂಡದ್ದೇನು? ನೀಳವಾದ ನಿಲುವಂಗಿ, ಎದೆಯ ಮೇಲೆ ಶಿಲುಬೆ, ಗಡ್ಡ, ಸ್ಥಿರವಾದ ದೃಷ್ಟಿ. ಕತ್ತನಾರರ ಪಾತ್ರ ವಹಿಸಿದ ಪ್ರಕಾಶ್ ಪಾಲ್ ಅವರು ಹೆಚ್ಚು ಮಾತನಾಡದೆ ನಿಂತರೇ ಸಾಕು, ಮಂತ್ರವಾದಿ ಎಂದರೆ ಹೀಗೆಯೇ ಇದ್ದಿರಬೇಕು ಎಂದು ಒಪ್ಪಿಕೊಳ್ಳುವಂತಿತ್ತು. ಅವರ ಎದುರಿಗೆ ಸುಕನ್ಯಾ ಅವರ ನೀಲಿ: ಬಿಳಿಯ ಸೀರೆ, ಬಿಚ್ಚಿದ ಕೂದಲು, ನಗುತ್ತ ನಗುತ್ತಲೇ ಕೋರೆಹಲ್ಲು. ಉಳಿದ ಸಾಹಿತ್ಯವೆಲ್ಲ ಅಗ್ಗದ್ದು. ಹೊಗೆ ಹೊಗೆಯಾಗಿಯೇ ಕಾಣುತ್ತಿತ್ತು, ಬೆಂಕಿ ಮಾತ್ರ ಬೆಂಕಿಯಾಗಿ ಕಾಣುತ್ತಿರಲಿಲ್ಲ. ಆಕಾಶದಲ್ಲಿ ಹಾರುವವರ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಎದ್ದು ತೋರುತ್ತಿತ್ತು. ಅಷ್ಟಾದರೂ ಕಣ್ಣು ತೆಗೆಯಲಾಗುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, 1984ರಲ್ಲಿ, ಇದೇ ಕೊಚ್ಚಿಯ ಹತ್ತಿರ ಕಾಕ್ಕನಾಡಿನಲ್ಲಿ ಸ್ಟುಡಿಯೋ ಇದ್ದ ನವೋದಯದವರು ‘ಮೈ ಡಿಯರ್ ಕುಟ್ಟಿಚಾತ್ತನ್’ ಎಂಬ ಭಾರತದ ಪ್ರಥಮ ತ್ರೀ-ಡಿ ಚಿತ್ರವನ್ನು ಮಾಡಿ, ಕನ್ನಡಕ ಹಾಕಿಕೊಂಡ ಮಕ್ಕಳ ಮೂಗಿನ ತುದಿಗೆ ಭೂತವನ್ನು ತಂದಿದ್ದರು. ಅಲ್ಲಿ ಯಂತ್ರದ ಚಮತ್ಕಾರವೇ ಮುಂದು. ಇಲ್ಲಿಯಾದರೋ ಚಮತ್ಕಾರ ಬಡವಾಗಿದ್ದರೂ ಕಥೆ ಗಟ್ಟಿಯಾಗಿತ್ತು. 1985ರಲ್ಲಿ ರಾಮಾನಂದ ಸಾಗರರು ‘ವಿಕ್ರಮ್ ಔರ್ ಬೇತಾಳ್’ ಮಾಡಿದಾಗಲೂ ಹೀಗೆಯೇ ಅಲ್ಲವೇ? ಬೇತಾಳನ ಕೂದಲು ಅಂಟಿಸಿದ್ದೆಂದು ಕುರುಡನಿಗೂ ತಿಳಿಯುತ್ತಿತ್ತು. ಅದಕ್ಕಾಗಿ ಯಾವ ಮಗುವೂ ಎದ್ದುಹೋಗಲಿಲ್ಲ.

ಗಟ್ಟಿತನ ಎಲ್ಲಿಂದ ಬಂತೆಂದರೆ, ಕಥೆ ಧಾರಾವಾಹಿಯವರು ಹೊಸೆದದ್ದಲ್ಲ. ಎರ್ನಾಕುಳದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ, ಕೋಲಂಚೇರಿಯ ಬಳಿಯಲ್ಲಿ ಕಡಮಟ್ಟಂ ಎಂಬ ಊರಿದೆ. ಅಲ್ಲಿ ಸಂತ ಜಾರ್ಜರ ಪ್ರಾಚೀನ ಇಗರ್ಜಿಯಿದೆ. ದನ ಹುಡುಕಿಕೊಂಡು ಕಾಡಿಗೆ ಹೋದ ಪೌಲೋಸನೆಂಬ ಬಡ ಹುಡುಗನು ಮಲೆಯರಯರ ಕೈಗೆ ಸಿಕ್ಕಿ, ನೆಲದೊಳಗಿನ ಅವರ ಲೋಕದಲ್ಲಿ ವರ್ಷಗಟ್ಟಲೆ ಇದ್ದು, ಅವರಿಂದಲೇ ಮಂತ್ರವಿದ್ಯೆಯನ್ನು ಕಲಿತು ಊರಿಗೆ ಮರಳಿ ಪಾದ್ರಿಯಾದನು ಎಂಬುದು ದಂತಕಥೆ. ಪೋಯೇಡಂ ಎಂದು ಕರೆಯುವ ಅಲ್ಲಿಯ ಬಾವಿಯೊಂದನ್ನು ಪಾತಾಳದ ಬಾಗಿಲೆಂದು ನಂಬಿದವರು ಈ ಹೊತ್ತಿಗೂ ಉಂಟು. ಬಾಯಿಂದ ಬಾಯಿಗೆ ಹರಿಯುತ್ತಿದ್ದ ಇಂತಹ ಕಥೆಗಳನ್ನು ಕೋಟ್ಟಯಂ ನಗರದ ಕೊಟ್ಟಾರತ್ತಿಲ್ ಶಂಕುಣ್ಣಿಯವರು (1855–1937) ಒಂದೊಂದಾಗಿ ಬರೆದು, 1909ರಿಂದ ‘ಐತಿಹ್ಯಮಾಲೆ’ ಎಂಬ ಹೆಸರಿನಲ್ಲಿ ಎಂಟು ಸಂಪುಟಗಳಾಗಿ ಹೊರತಂದರು. ಹಿಂದುವಿನ ಕೈಯಿಂದ ಬರೆಯಲ್ಪಟ್ಟ ಕ್ರೈಸ್ತ ಪಾದ್ರಿಯ ಕಥೆ, ಆ ಪಾದ್ರಿಗೆ ಗುರುಗಳು ಗುಡ್ಡಗಾಡಿನ ಜನ, ಅವನು ಹಿಡಿದ ಯಕ್ಷಿ ಕೊನೆಗೆ ಸೇರಿದ್ದು ದೇವಿಯ ಕಾವನ್ನು. ಈ ನಾಡಿನ ಸ್ವಭಾವವನ್ನು ತಿಳಿಯಲು ಹತ್ತು ಉಪನ್ಯಾಸಗಳಿಗಿಂತ ಈ ಒಂದು ಕಥೆ ಮೇಲು ಎಂದು ನಮಗೆ ಅನ್ನಿಸಿದ್ದುಂಟು.

ಯಕ್ಷಿಯನ್ನು ಹಿಡಿದ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪದ್ಮನಾಭಪುರದಿಂದ ತಿರುವನಂತಪುರಕ್ಕೆ ಬರುವ ದಾರಿಯಲ್ಲಿ ಒಬ್ಬ ಯಕ್ಷಿ ಸುಂದರಿಯ ವೇಷದಲ್ಲಿ ನಿಂತು, ಒಂಟಿಯಾಗಿ ಬರುವ ಗಂಡಸರನ್ನು ತಾಂಬೂಲಕ್ಕೆ ಸುಣ್ಣ ಕೇಳುತ್ತಿದ್ದಳಂತೆ. ಕೊಟ್ಟವನ ಗತಿ ಮುಗಿಯಿತು. ಕತ್ತನಾರರು ಆ ದಾರಿಗೆ ಹೋಗಿ, ಉಪಾಯದಿಂದ ಅವಳ ನೆತ್ತಿಗೆ ಕಬ್ಬಿಣದ ಮೊಳೆಯೊಂದನ್ನು ಹೊಡೆದರು. ಮೊಳೆ ಇಳಿದೊಡನೆ ಅವಳು ಸಾಧಾರಣ ಹೆಂಗಸಾಗಿ ಅವರ ಹಿಂದೆಯೇ ನಡೆದು ಬಂದಳು. ಕಾಯಂಕುಳದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಕತ್ತನಾರರು ತಂಗಿದಾಗ ಮುದುಕಿಗೆ ಈ ಹುಡುಗಿ ಮನೆಗೆಲಸಕ್ಕೆ ಒಳ್ಳೆಯ ಆಸರೆಯೆಂದು ಕಂಡಿತು. ಒಂದು ಹೊತ್ತು ಪ್ರೀತಿಯಿಂದ ಅವಳ ತಲೆ ಬಾಚಲು ಕುಳಿತ ಮುದುಕಿಯ ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು. “ಅಯ್ಯೋ, ಇದಾರು ಮಗುವಿನ ತಲೆಗೆ ಮೊಳೆ ಹೊಡೆದವರು!” ಎಂದು ಕಿತ್ತುಬಿಟ್ಟಳು. ಮರುಕ್ಷಣ ಹುಡುಗಿಯಿಲ್ಲ. ಅವಳನ್ನು ಬೆನ್ನಟ್ಟಿದ ಕತ್ತನಾರರು ಬಾಳೆಯೆಲೆಯ ಮೇಲೆ ಹೊಳೆ ದಾಟಿ, ಪರುಮಲದ ಬಳಿಯ ಪನಯನ್ನಾರ್ ಕಾವಿನಲ್ಲಿ ಅವಳನ್ನು ನೆಲೆಗೊಳಿಸಿದರೆಂದು ಹೇಳುತ್ತಾರೆ. ಜನರ ಬಾಯಿಯಲ್ಲಿ ಈ ಯಕ್ಷಿಯೂ ನೀಲಿಯೂ ಒಂದಾಗಿಬಿಟ್ಟಿದ್ದಾರೆ. ಕಿರುತೆರೆಯೂ ನೀಲಿಯನ್ನೇ ಕತ್ತನಾರರ ಎದುರಾಳಿಯನ್ನಾಗಿ ಮಾಡಿತು.

ನಮ್ಮ ಹೋಟೆಲಿನಲ್ಲಿ ಈ ಕಥೆಯ ಬಗ್ಗೆ ವಾದವೇ ನಡೆಯಿತು. ಗಲ್ಲೆಯ ಹತ್ತಿರ ಕುಳಿತ ಗಿರಾಕಿಗಳೆಲ್ಲ ಕತ್ತನಾರರ ಪಕ್ಷ. ರಕ್ತ ಹೀರುವ ಯಕ್ಷಿಯನ್ನು ಹತೋಟಿಗೆ ತಂದದ್ದು ಲೋಕೋಪಕಾರವಲ್ಲವೇ? ಅಡುಗೆಮನೆಯ ಬಾಗಿಲಲ್ಲಿ ನಿಂತವರು ಮಾತ್ರ ಹಾಗೆ ಹೇಳಲಿಲ್ಲ. ಕುಂದಾಪುರದ ಕಡೆಯಿಂದ ಬಂದ ಒಬ್ಬ ಮಾಣಿ, ಮೀಸೆ ಮೂಡದ ಹುಡುಗ, ಬಟ್ಟಲು ಉಜ್ಜುತ್ತಲೇ ಕೇಳಿದನು: “ಭಟ್ರೇ, ಮೊಳೆ ಹೊಡ್ದ ಮೇಲೆ ಅವ್ಳಿಗೆ ಸಂಬ್ಳ ಉಂಟಾ?” ಎಲ್ಲರೂ ನಕ್ಕರು. ನಾವೂ ನಕ್ಕೆವು. ನಗು ನಿಂತ ಮೇಲೂ ಪ್ರಶ್ನೆ ನಿಲ್ಲಲಿಲ್ಲ.

ಏಕೆಂದರೆ, ವಾಚಕರೇ, ನಮ್ಮ ಉದ್ಯಮದಲ್ಲಿ ನೆತ್ತಿಗೆ ಮೊಳೆ ಹೊಡೆಸಿಕೊಂಡು ಬಂದವರು ಎಷ್ಟು ಮಂದಿ ಇದ್ದರೆಂಬುದು ನಿಮಗೆ ತಿಳಿಯದ ವಿಷಯವಲ್ಲ. ಊರಿನ ಯಾರೋ ಮಾವನ ಕೈಹಿಡಿದು, ಶಾಲೆಯ ಪುಸ್ತಕವನ್ನು ಅಟ್ಟಕ್ಕೆ ಹಾಕಿ, ಹನ್ನೆರಡನೆಯ ವರ್ಷಕ್ಕೆ ಬಸ್ಸು ಹತ್ತಿದವರು. ಸಂಬಳ ಊರಿಗೇ ಹೋಗುತ್ತದೆಂದು ನಂಬಿ ಕೈಗೆ ಕಾಸು ಕಾಣದವರು. ಧಣಿಗಳ ಮನೆಯ ಊಟವನ್ನೇ ಉಪಕಾರವೆಂದು ತಲೆಬಾಗಿದವರು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೋಟೆಲು, ಚಹದಂಗಡಿ, ಮನೆಗೆಲಸಗಳಲ್ಲಿ ಇಟ್ಟುಕೊಳ್ಳಕೂಡದೆಂಬ ಕೇಂದ್ರ ಸರಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು, ಅಂದರೆ ಈ ಧಾರಾವಾಹಿ ಆರಂಭವಾಗಿ ಎರಡು ವರ್ಷಗಳ ಬಳಿಕ. ಧಣಿಗಳೆಲ್ಲರೂ ದುಷ್ಟರೆಂದು ನಾವು ಹೇಳುತ್ತಿಲ್ಲ. ಆ ಕುರ್ಚಿಯಲ್ಲಿ ನಾವೂ ಅನಂತರ ಕುಳಿತವರೇ. ಅನೇಕ ಮನೆಗಳಿಗೆ ಅನ್ನ ಹಾಕಿದ ಉದ್ಯಮವಿದು, ಮಾಣಿಯಾಗಿ ಬಂದವರು ಧಣಿಗಳಾದ ಉದ್ಯಮವೂ ಹೌದು. ಆದರೆ ಸೇವೆ ಒಪ್ಪಿ ಮಾಡಿದ್ದೋ ಮೊಳೆಯಿಂದ ಮಾಡಿದ್ದೋ ಎಂಬ ಭೇದವನ್ನು ಆ ಹುಡುಗನು ಒಂದು ಅಗ್ಗದ ಧಾರಾವಾಹಿಯಿಂದ ಹೆಕ್ಕಿ ತೆಗೆದನು. ಕುಟ್ಟಿಚಾತ್ತನ್ ಚಿತ್ರದಲ್ಲಿಯೂ ಇದೇ ಎಳೆಯಿದೆ: ಮಂತ್ರವಾದಿಯ ಗುಲಾಮನಾದ ಪುಟ್ಟ ಭೂತ, ಅವನನ್ನು ಬಿಡಿಸುವ ಮಕ್ಕಳು. ದೊಡ್ಡವರು ಇವನ್ನು ಮಕ್ಕಳ ಕಥೆಗಳೆಂದು ತಳ್ಳಿಹಾಕುವುದು ತಮಗೇ ಅನುಕೂಲವಾದ ಕಾರಣದಿಂದ ಇರಬಹುದೇ ಎಂದು ನಮಗೆ ಒಮ್ಮೊಮ್ಮೆ ಸಂದೇಹ ಬರುವುದುಂಟು.

ಧಾರಾವಾಹಿಯ ದೋಷಗಳನ್ನು ಮುಚ್ಚಿಡುವುದೂ ಸರಿಯಲ್ಲ. ಐತಿಹ್ಯಮಾಲೆಯಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ಕಥೆಯನ್ನು, ಸಂಜೆ ಗಿರಾಕಿ ಹೆಚ್ಚಾದಾಗ ಸಾಂಬಾರಿಗೆ ನೀರು ಹೊಯ್ದಂತೆ, ವಾರವಾರವೂ ಬೆಳೆಸುತ್ತ ಹೋದರು. ಇಲ್ಲದ ದುರ್ಮಂತ್ರವಾದಿಗಳು ಹುಟ್ಟಿಕೊಂಡರು. ಒಬ್ಬನ ಬುರುಡೆ ಒಡೆದರೆ ಇನ್ನೊಬ್ಬನ ಬುರುಡೆ ಮೇಲೇಳುತ್ತಿತ್ತು. ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಭಯ ಸೇರಿತು. ಹನ್ನೊಂದು ಗಂಟೆಗೆ ಬಾಗಿಲು ಹಾಕಿ ಬಾಡಿಗೆ ಕೋಣೆಗೆ ನಡೆದುಹೋಗುವ ನಮ್ಮ ಹುಡುಗರು ತಾಳೆಯ ಮರವಿರುವ ಹಿತ್ತಲ ದಾರಿಯನ್ನು ಬಿಟ್ಟು ಬಸ್ ನಿಲ್ದಾಣವನ್ನು ಸುತ್ತಿ ಹೋಗತೊಡಗಿದರು. ಒಬ್ಬ ಗಟ್ಟಿ ಆಳು ಎಲೆಯಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿಯನ್ನೇ ತೆಗೆದುಹಾಕಿದನು. ಕೇಳುವವಳು ಕೇಳಿದರೂ ಕೊಡಲು ಇಲ್ಲವಲ್ಲ! ಇಷ್ಟರ ಮಟ್ಟಿಗೆ ನಗಬಹುದು. ಆದರೆ ಜ್ವರ ಬಂದ ಮಗುವನ್ನು ವೈದ್ಯರ ಬಳಿಗೆ ಒಯ್ಯುವ ಬದಲು ಮಂತ್ರವಾದಿಯ ಬಳಿಗೆ ಒಯ್ಯುವ ಬುದ್ಧಿಗೆ ಇಂತಹ ದೃಶ್ಯಗಳು ಇಂಬು ಕೊಡುತ್ತವೆಂಬ ಮಾತನ್ನು ತಳ್ಳಿಹಾಕಲಾಗದು. ಅಜ್ಜಿ ಹೇಳುವ ಭೂತದ ಕಥೆಗೂ ಟೀವಿಯ ಭೂತಕ್ಕೂ ಇಲ್ಲಿಯೇ ವ್ಯತ್ಯಾಸ. ಮಗು ನಡುಗಿದರೆ ಅಜ್ಜಿ ಭೂತವನ್ನು ಅಲ್ಲಿಯೇ ಸಾಯಿಸುತ್ತಾಳೆ, ಬೇಕಾದರೆ ನಗಿಸುತ್ತಾಳೆ. ಟೀವಿಗೆ ಎದುರಿನ ಮಗುವಿನ ಮುಖ ಕಾಣದು.

ಇನ್ನು ನಮ್ಮ ಮನೆಯ ವಿಚಾರ. ಅಂದು ಮೊದಲ ಕಂತುಗಳನ್ನು ನೋಡಿದಾಗ ಮಲಯಾಳಿಗಳ ವಿಷಯದಲ್ಲಿ ಮೆಚ್ಚುಗೆ ಉಂಟಾದಂತೆಯೇ ನಮ್ಮವರ ವಿಷಯದಲ್ಲಿ ಸಂಕಟವೂ ಉಂಟಾಯಿತು. ತಿರುವನಂತಪುರದ ದೂರದರ್ಶನವು ಮಲಯಾಳ ಪ್ರಸಾರವನ್ನು ಆರಂಭಿಸಿದ್ದು 1985ರಲ್ಲಿ. ಖಾಸಗಿ ವಾಹಿನಿಯಾದ ಏಷ್ಯಾನೆಟ್ ಅದೇ ನಗರದಲ್ಲಿ ಹುಟ್ಟಿದ್ದು 1993ರಲ್ಲಿ. ಇಪ್ಪತ್ತು ವರ್ಷಗಳೊಳಗೆ ಅವರು ತಮ್ಮ ಶಂಕುಣ್ಣಿಯವರ ಪುಸ್ತಕವನ್ನು ಕೆಳಗಿಳಿಸಿ, ಧೂಳು ಕೊಡವಿ, ಮನೆಮನೆಯ ಕಿರುತೆರೆಗೆ ತಂದರು. ನಮ್ಮಲ್ಲಿ ಕಥೆಗಳಿಗೆ ಬರವೇ? ಅಡಗೂಲಜ್ಜಿಯ ಕಥೆ, ಕಾಗಕ್ಕ ಗುಬ್ಬಕ್ಕ, ಏಳು ಸಮುದ್ರದಾಚೆಯ ಗಿಣಿಯೊಳಗೆ ಪ್ರಾಣವಿಟ್ಟ ರಾಕ್ಷಸ, ಬತ್ತೀಸ ಪುತ್ತಳಿ, ಚಂದಮಾಮದ ಪುಟಪುಟಗಳಲ್ಲಿ ಹೆಣ ಹೊತ್ತು ನಡೆಯುತ್ತಿದ್ದ ವಿಕ್ರಮ. (ಆ ಚಂದಮಾಮವೇ ಈ ನಾಡಿನಲ್ಲಿ ‘ಅಂಬಿಲಿ ಅಮ್ಮಾವನ್’ ಆಗಿತ್ತು. ಎರಡೂ ಈಗ ನಿಂತುಹೋಗಿವೆ.) ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಕನ್ನಡದ ಅಜ್ಜಿಯರು, ಅತ್ತೆಯರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಕಥೆಗಳನ್ನು ಜೀವಮಾನವಿಡೀ ಕೂಡಿಹಾಕಿದರು. ಅವರು 1993ರಲ್ಲಿ ತೀರಿಕೊಂಡ ಬಳಿಕ, 1997ರಲ್ಲಿ, ಅವು ‘ಎ ಫ್ಲವರಿಂಗ್ ಟ್ರೀ’ ಎಂಬ ಹೆಸರಿನಲ್ಲಿ ಅಮೆರಿಕದಿಂದ ಇಂಗ್ಲಿಷಿನಲ್ಲಿ ಹೊರಬಂದವು. ನಮ್ಮ ಅಜ್ಜಿಯ ಕಥೆಯನ್ನು ನಮ್ಮ ಮೊಮ್ಮಗ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದದ್ದು ರಾಮಾನುಜನ್ ಅವರ ತಪ್ಪಲ್ಲ.

ಪ್ರಯತ್ನಗಳೇ ಇಲ್ಲವೆನ್ನಲಾಗದು. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದಲೇ ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕವನ್ನು ಕಟ್ಟಿದರು. ಟಿ. ಎಸ್. ನಾಗಾಭರಣರು 1997ರಲ್ಲಿ ಅದನ್ನು ಚಿತ್ರವನ್ನಾಗಿಯೂ ಮಾಡಿದರು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ, ದೂರದರ್ಶನದಲ್ಲಿ ಬಂದ ‘ಗುಡ್ಡದ ಭೂತ’ವನ್ನು ನಮ್ಮ ಕರಾವಳಿಯವರು ಯಾರು ಮರೆತಾರು! ಅದನ್ನು ನಿರ್ದೇಶಿಸಿದ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದವರು, ‘ಘಟಶ್ರಾದ್ಧ’ ಚಿತ್ರದ ನಿರ್ಮಾಪಕರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ನಡುವೆ ಬೆಳೆದ ಒಬ್ಬ ಕಲಾವಿದರಿಗೆ ಊರಿನ ಗುಡ್ಡವೂ ಭೂತವೂ ಅಷ್ಟು ಚೆನ್ನಾಗಿ ಕಂಡವೆಂಬುದನ್ನು ಹೊರನಾಡಿನ ನಾವು ಹೆಮ್ಮೆಯಿಂದ ನೆನೆಯಬೇಕು. ಆದರೆ ಆ ದಾರಿಯಲ್ಲಿ ಮುಂದೆ ನಡೆದವರು ಕಡಿಮೆ. 2015ರಲ್ಲಿ ಹಿಂದಿಯಲ್ಲಿ ‘ನಾಗಿನ್’ ಬಂತು, 2016ರಲ್ಲಿ ಕನ್ನಡದಲ್ಲಿ ‘ನಾಗಿಣಿ’ ಬಂದಳು. ನಾಗಮಂಡಲದ ನಾಗನು ಒಂಟಿ ಹೆಣ್ಣಿನ ಮನಸ್ಸನ್ನು ಅರಿಯಲು ಬಂದವನು. ಕಿರುತೆರೆಯ ನಾಗಿಣಿಯಾದರೋ ಸೇಡಿಗಾಗಿ ಬಂದವಳು. ಸೇಡಿನ ಕಥೆಗೆ ಕಂತು ಹೆಚ್ಚು ಸಿಗುತ್ತದೆ ಎಂಬುದೊಂದೇ ಅದರ ಗುಟ್ಟು ಎಂದು ನಮ್ಮ ಅಭಿಪ್ರಾಯ.

ತಿರುವನಂತಪುರದಲ್ಲಿ ಗುಮಾಸ್ತರಾಗಿರುವ ಮಿತ್ರರೊಬ್ಬರು ತಮ್ಮ ಮಗಳ ಬಗ್ಗೆ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಆ ಮಗು ಕನ್ನಡ ಮಾತನಾಡುತ್ತಾಳೆ, ತಪ್ಪಿಲ್ಲದೆ ಮಾತನಾಡುತ್ತಾಳೆ. ಆದರೆ ಕನಸಿನಲ್ಲಿ ಹೆದರಿದರೆ ಮಲಯಾಳದಲ್ಲಿ ಕೂಗುತ್ತಾಳಂತೆ. ತಂದೆಗೆ ಇದು ದುಃಖದ ವಿಷಯವಾಗಿತ್ತು. ನಮಗೆ ದುಃಖವೆನ್ನಿಸಲಿಲ್ಲ, ವಿಚಾರಕ್ಕೆ ಕಾರಣವೆನ್ನಿಸಿತು. ಅವಳಿಗೆ ಭೂತಗಳ ಪರಿಚಯವಾದದ್ದು ಮಲಯಾಳದಲ್ಲಿ, ಕನ್ನಡದಲ್ಲಿ ಪರಿಚಯವಾದದ್ದು ‘ಊಟ ಮಾಡು’, ‘ಪಾಠ ಓದು’ ಎಂಬುವು ಮಾತ್ರ. ಭಾಷೆಯನ್ನು ಮಗುವಿನ ಎದೆಗೆ ಇಳಿಸುವುದು ಅಪ್ಪಣೆಗಳಲ್ಲ; ಹೆದರಿಕೆ, ನಗು, ಮುಂದೇನಾಯಿತೆಂಬ ಕುತೂಹಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡದ ಉಳಿವಿನ ಬಗ್ಗೆ ಭಾಷಣ ಮಾಡುವ ಹಿರಿಯರು ಮನೆಗೆ ಹೋಗಿ ರಾತ್ರಿ ಹತ್ತು ನಿಮಿಷ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದರೆ ಹೆಚ್ಚು ಪ್ರಯೋಜನವಾದೀತು. ಹಾಗೆಂದು ಕತ್ತನಾರರನ್ನು ಮನೆಯಿಂದ ಹೊರಹಾಕಬೇಕೆಂದು ನಾವು ಎಂದೂ ಹೇಳೆವು. ಕಾಸರಗೋಡಿನಲ್ಲಿ ತೆಯ್ಯವೂ ಭೂತದ ಕೋಲವೂ ಒಂದೇ ಊರಿನ ಬನಗಳಲ್ಲಿ ನಡೆಯುತ್ತವೆ. ಗುಳಿಗನು ಕನ್ನಡದವನೋ ತುಳುವನೋ ಮಲಯಾಳಿಯೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಎರಡು ಅಜ್ಜಿಯರಿರುವ ಮಗು ಭಾಗ್ಯಶಾಲಿ. ಒಬ್ಬ ಅಜ್ಜಿ ಮೂಕಳಾಗಿಬಿಟ್ಟಿದ್ದಾಳೆ ಎಂಬುದಷ್ಟೇ ನಮ್ಮ ಆಕ್ಷೇಪ.

ಧಣಿಗಳಲ್ಲಿಯೂ ಒಂದು ಬಿನ್ನಹವಿದೆ. ಟೀವಿ ಗಿರಾಕಿಗಾಗಿ ಇಟ್ಟದ್ದೆಂಬುದು ನಿಜ. ಈಗ ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿಯೂ ಮೊಬೈಲು ಇದೆ, ಒಬ್ಬೊಬ್ಬನೂ ಒಂದೊಂದು ಮೂಲೆಯಲ್ಲಿ ತನ್ನಷ್ಟಕ್ಕೆ ನೋಡಿಕೊಳ್ಳುತ್ತಾನೆ ಎಂಬುದೂ ನಿಜ. ಆದರೆ ಅಂದು ಅಡುಗೆಮನೆಯ ಬಾಗಿಲಲ್ಲಿ ಎಂಟು ಜನ ಒಟ್ಟಿಗೆ ನಿಂತು ನೋಡಿ, ಒಟ್ಟಿಗೆ ಹೆದರಿ, ಬಟ್ಟಲು ಉಜ್ಜುತ್ತ ವಾದ ಮಾಡುತ್ತಿದ್ದರಲ್ಲ, ಅದು ಈಗ ಇಲ್ಲ. ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದ ಹುಡುಗರು ಈಗ ನಮ್ಮ ಹುಡುಗರ ಪಕ್ಕದಲ್ಲಿ ನಿಂತು ಉದ್ದು ರುಬ್ಬುತ್ತಾರೆ. ಅವರಿಗೂ ಊರಿನಲ್ಲಿ ಒಬ್ಬ ಅಜ್ಜಿ ಇದ್ದಿರಬೇಕು. ವಾರದ ರಜೆಯ ಸಂಜೆ ಅರ್ಧ ಗಂಟೆ ಎಲ್ಲರನ್ನೂ ಕೂರಿಸಿ ಒಂದೊಂದು ಕಥೆ ಹೇಳಿಸಿದರೆ ಖರ್ಚು ಒಂದೊಂದು ಚಹ ಮಾತ್ರ. ವಾರದ ರಜೆಯೇ ಇಲ್ಲದ ಕಡೆ ಮೊದಲು ರಜೆಯನ್ನು ಕೊಡಬೇಕು; ಆ ಮೊಳೆಯನ್ನು ಕೀಳದೆ ಕಥೆ ಹೇಳು ಎಂದರೆ ಯಾರೂ ಹೇಳರು.

‘ಲೋಕಃ’ ಚಿತ್ರದಲ್ಲಿ ನೀಲಿಯ ಕಥೆಯೇ ತಿರುಗಿದೆ. ಅವಳು ಈಗ ದಾರಿಹೋಕರ ರಕ್ತ ಹೀರುವವಳಲ್ಲ. ಗುಡಿಯೊಳಗೆ ಕಾಲಿಟ್ಟ ಕಾರಣಕ್ಕೆ ಅರಸನ ಕೋಪಕ್ಕೆ ಸಿಕ್ಕಿದ ಕಾಡಿನ ಜನರ ಮಗಳು, ದುರ್ಬಲರ ರಕ್ಷಕಿ. ಕತ್ತನಾರರೂ ನಡುವೆ ಸುಳಿದು ಹೋಗುತ್ತಾರೆ, ಆದರೆ ಮೊಳೆ ಹೊಡೆಯಲು ಬಂದವರಾಗಿ ಅಲ್ಲ. ಅವಳು ವಾಸಕ್ಕೆ ಬರುವುದು ನಮ್ಮ ಬೆಂಗಳೂರಿಗೆ! ಅಲ್ಲಿಯ ಯುವತಿಯರನ್ನು ಕುರಿತ ಒಂದು ಮಾತಿಗೆ ಕನ್ನಡಿಗರು ಆಕ್ಷೇಪಿಸಿದಾಗ ನಿರ್ಮಾಪಕ ಸಂಸ್ಥೆಯವರು ಕ್ಷಮೆ ಕೇಳಿ ಆ ಮಾತನ್ನು ತೆಗೆದುಹಾಕಲು ಒಪ್ಪಿದರು. ಅದು ಯೋಗ್ಯವಾಯಿತು, ಅಲ್ಲಿಗೆ ಮುಗಿಯಿತು. ನಮ್ಮ ಓದುಗರು ಗಮನಿಸಬೇಕಾದದ್ದು ಬೇರೆಯೇ ಇದೆ. ನೂರಾರು ವರ್ಷಗಳ ಆಯುಸ್ಸುಳ್ಳ ಆ ಯಕ್ಷಿ, ಹೊಟ್ಟೆಪಾಡಿಗೆ ಪರಊರಿಗೆ ಬಂದವರೆಲ್ಲರಂತೆ, ಒಂದು ಕೆಫೆಯಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿಕೊಳ್ಳುತ್ತಾಳೆ. ಅಂದು ಸಂಬಳದ ಪ್ರಶ್ನೆ ಕೇಳಿದ ಮಾಣಿ ಈಗ ಅಂಕಮಾಲಿಯಲ್ಲಿ ಸ್ವಂತ ಉಪಾಹಾರಗೃಹ ನಡೆಸುತ್ತಾನೆ. ಚಿತ್ರ ನೋಡಿ ಬಂದ ಮರುದಿನ ದೂರವಾಣಿಯಲ್ಲಿ ನಮಗೆ ಹೇಳಿದನು: “ಅಣ್ಣಾ, ಈ ಸಲ ಅವ್ಳಿಗೆ ಸಂಬ್ಳ ಉಂಟು.”